ಸಂಧಿಕಾಲದ ರಾಜ್ಯಭಾರ
(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಒಂದು ರಾಜ್ಯವು ಉರುಳಿ ಮತ್ತೊಂದು ನೆಲೆಗೊಳ್ಳುವ ತನಕ ನಡುವಿನ ಕಾಲವನ್ನು ಆಳುವವರು ಹೇಗಿರಬೇಕು, ಆಗ ಪ್ರಜೆಗಳೂ ಮಠಗಳೂ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆಯಾಗಿದೆ. ಇಂತಹ ನಡುಗಾಲದ ಸರಕಾರಕ್ಕೆ ನಾನು 'ಸಂಧಿಕಾಲದ ರಾಜ್ಯಭಾರ'ವೆಂದು ಹೆಸರಿಟ್ಟಿದ್ದೇನೆ. ವ್ಯಾಕರಣ ಓದಿದವನಿಗೆ ಸಂಧಿಯೆಂದೊಡನೆ ಲೋಪ, ಆಗಮ, ಆದೇಶಗಳು ನೆನಪಿಗೆ ಬರುವವು. ಎರಡು ಪದಗಳು ಕೂಡುವಲ್ಲಿ ಒಂದು ಅಕ್ಷರವು ಬಿಟ್ಟುಹೋಗಬಹುದು. ಹೊಸದೊಂದು ಬಂದು ಸೇರಬಹುದು. ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಬಹುದು. ಇದಕ್ಕೆ ಒಂದೇ ಕಟ್ಟಳೆ: ಅರ್ಥವು ಕೆಡಬಾರದು. ಅರ್ಥ ಕೆಡುವಲ್ಲಿ ಸಂಧಿ ಮಾಡಕೂಡದೆಂಬುದು ಬಲ್ಲವರ ಮಾತು. ರಾಜ್ಯಗಳ ಸಂಧಿಗೂ ಈ ನಿಯಮವೇ ಸಲ್ಲುವದು. ಸಿಂಹಾಸನವು ಲೋಪವಾಗಲಿ, ಹೊಸ ಅಧಿಕಾರಿಗಳು ಆಗಮಿಸಲಿ, ಒಬ್ಬರ ಆಜ್ಞೆಯ ಸ್ಥಾನದಲ್ಲಿ ಇನ್ನೊಬ್ಬರ ಆಜ್ಞೆ ನಡೆಯಲಿ. ಪ್ರಜೆಯ ಬಾಳಿನ ಅರ್ಥವು ಮಾತ್ರ ಕೆಡಬಾರದು.

ಇದಕ್ಕೆ ನಿದರ್ಶನವನ್ನು ಅರಸಿಕೊಂಡು ದೂರ ಹೋಗಬೇಕಾದುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯದ ಶಿವಭಕ್ತನುಂಟೇ? ಆ ಕಾಲದ ರಾಜಕೀಯವನ್ನು ಮೊದಲು ಸಂಕ್ಷೇಪವಾಗಿ ನಿರೂಪಿಸುವೆನು. ಕಲ್ಯಾಣದ ಚಾಲುಕ್ಯ ಸಿಂಹಾಸನದ ಮೇಲೆ ಮುಮ್ಮಡಿ ತೈಲಪನು ಕುಳಿತಿದ್ದನು. ಬಲವೆಲ್ಲ ಅವನ ಮಾಂಡಲಿಕನಾದ ಮಂಗಳವಾಡದ ಕಲಚೂರ್ಯ ಬಿಜ್ಜಳನ ಕೈಯಲ್ಲಿತ್ತು. 1157ರ ಸುಮಾರಿನಿಂದ ಬಿಜ್ಜಳನು ಸ್ವತಂತ್ರನಂತೆ ನಡೆಯತೊಡಗಿ, 1162ರ ಹೊತ್ತಿಗೆ ಸಾರ್ವಭೌಮ ಬಿರುದುಗಳನ್ನೇ ಧರಿಸಿದನು. ಸುಮಾರು 1167-68ರಲ್ಲಿ ಅವನ ಆಳಿಕೆ ಮುಗಿಯಿತು. ತರುವಾಯ ಸೋವಿದೇವ, ಮಲ್ಲುಗಿ, ಸಂಕಮ, ಆಹವಮಲ್ಲ, ಸಿಂಘಣ ಎಂಬವರು ಒಬ್ಬರಾದ ಮೇಲೊಬ್ಬರು ಪಟ್ಟವೇರಿದರು. 1184ರ ಸುಮಾರಿಗೆ ತೈಲಪನ ಮಗನಾದ ನಾಲ್ಮಡಿ ಸೋಮೇಶ್ವರನು ಬ್ರಹ್ಮನೆಂಬ ದಂಡನಾಯಕನ ಭುಜಬಲದಿಂದ ಚಾಲುಕ್ಯ ಪಟ್ಟವನ್ನು ಮರಳಿ ಪಡೆದನು. ಹೀಗೆ ಸುಮಾರು ಇಪ್ಪತ್ತೇಳು ವರುಷಗಳ ಕಲಚೂರ್ಯರ ಆಳಿಕೆಯು ಎರಡು ಚಾಲುಕ್ಯ ಆಳಿಕೆಗಳ ನಡುವಣ ಸಂಧಿಕಾಲವಾಯಿತು. ಇದೇ ಕಾಲದಲ್ಲಿಯೇ ಕಲ್ಯಾಣದಲ್ಲಿ ಶರಣರ ಮಹಾಕ್ರಾಂತಿಯು ನಡೆದು, ಅವರು ದಿಕ್ಕು ದಿಕ್ಕಿಗೆ ಚದುರಿದುದೂ ಆಯಿತು.

ಪುರಾಣಗಳನ್ನು ಓದಿ ಬೆಳೆದ ನಮ್ಮ ಮನಸ್ಸಿಗೆ ಬಿಜ್ಜಳನೆಂದರೆ ಒಂದೇ ಚಿತ್ರ: ಶರಣರನ್ನು ಬಾಧಿಸಿದ ದೊರೆ. ಆ ಚಿತ್ರವನ್ನು ಅಳಿಸಿರೆಂದು ನಾನು ಹೇಳಬಂದವನಲ್ಲ. ಆದರೆ ಪುರಾಣಕ್ಕಿಂತ ಹಳೆಯದಾದ ಒಂದು ಸಾಕ್ಷಿಯು ನಮ್ಮ ನೆರೆಯಲ್ಲಿಯೇ ನಿಂತಿರುವದು. ಅದರ ಮಾತನ್ನೂ ಕೇಳಬೇಕಾದುದು ವಿದ್ಯಾವಂತರ ಧರ್ಮ. ಹಿರೇಕೆರೂರ ತಾಲೂಕಿನ ಅಬಲೂರನ್ನು ತಾವೆಲ್ಲರೂ ಬಲ್ಲಿರಿ. ಸರ್ವಜ್ಞ ಕವಿಯ ಊರೆಂದು ನಮ್ಮ ಕಡೆಯಲ್ಲಿ ಹೆಸರಾದುದು. ಶಾಸನಗಳು ಅದನ್ನು ಅಬ್ಬಲೂರೆಂದು ಕರೆಯುತ್ತವೆ. ಅಲ್ಲಿಯ ಸೋಮೇಶ್ವರ ದೇವಾಲಯದ ದೊಡ್ಡ ಶಾಸನವನ್ನು ಫ್ಲೀಟ್ ಎಂಬ ಆಂಗ್ಲ ಪಂಡಿತರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಓದಿ ಪ್ರಕಟಿಸಿದರು. ಅದರ ಕಾಲವನ್ನು ಸುಮಾರು 1200 ಎಂದು ನಿರ್ಣಯಿಸಿದ್ದಾರೆ.

ಆ ಶಾಸನವು ಏಕಾಂತದ ರಾಮಯ್ಯಗಳ ಚರಿತ್ರೆ. ಆಳಂದೆಯಲ್ಲಿ ಹುಟ್ಟಿದ ಆ ಏಕನಿಷ್ಠ ಶಿವಭಕ್ತರು ಪುಲಿಗೆರೆಯ ಸೋಮನಾಥನ ಸನ್ನಿಧಿಗೆ ಬಂದು, ಅಲ್ಲಿಂದ ಅಬ್ಬಲೂರಿಗೆ ಬಂದರು. ಅಲ್ಲಿ ಶಂಕಗಾವುಂಡನೇ ಮೊದಲಾದ ಜೈನರೊಡನೆ ವಾದವಾಯಿತು. ಪಣವನ್ನು ಓಲೆಯ ಮೇಲೆ ಬರೆದುಕೊಂಡರು. ರಾಮಯ್ಯಗಳು ತಲೆಯನ್ನರಿದುಕೊಂಡು ಮರಳಿ ಪಡೆದರೆಂದು ಶಾಸನವು ಹೇಳುವದು. ಪಣದಂತೆ ನಡೆಯಲು ಎದುರಾಳಿಗಳು ಒಪ್ಪದಿರಲು ಜಿನಬಿಂಬವು ಭಗ್ನವಾಯಿತು. ಜೈನರು ಬಿಜ್ಜಳನ ಬಳಿಗೆ ದೂರು ಒಯ್ದರು. ಬಿಜ್ಜಳನು ರಾಮಯ್ಯಗಳನ್ನು ಕರೆಯಿಸಿ, ಹೀಗೇಕೆ ಮಾಡಿದಿರೆಂದು ಕೇಳಿದನು. ಅವರು ಓಲೆಯನ್ನು ಮುಂದಿಟ್ಟರು, ಮತ್ತೊಮ್ಮೆ ಪಣಕ್ಕೂ ಸಿದ್ಧರಾದರು. ಕಡೆಗೆ ಅರಸನು ರಾಮಯ್ಯಗಳಿಗೆ ಜಯಪತ್ರವನ್ನಿತ್ತು, ವೀರಸೋಮನಾಥ ದೇವರಿಗೆ ಗೋಗಾವೆಯೆಂಬ ಗ್ರಾಮವನ್ನು ಬಿಟ್ಟನು.

ಪವಾಡದ ವಿಚಾರವು ಭಕ್ತರ ನಂಬುಗೆಗೆ ಬಿಟ್ಟುದು. ಇಂದಿನ ನನ್ನ ವಿಷಯವು ಅದಲ್ಲ. ಅಂದಿನ ವಾದದ ಉಗ್ರತೆಯೂ ಇಂದಿಗೆ ಮೇಲ್ಪಂಕ್ತಿಯಾಗತಕ್ಕುದಲ್ಲ. ಜೈನ ಬಂಧುಗಳೊಡನೆ ನಾವು ಒಂದೇ ಕೆರೆಯ ನೀರು ಕುಡಿದು ಬಾಳುತ್ತಿರುವೆವು. ನಾನು ತೋರಿಸಬೇಕೆಂದಿರುವದು ಶಾಸನದ ಮುಂದಿನ ಭಾಗವನ್ನು. ಕಲಚೂರ್ಯರು ಅಳಿದು ನಾಲ್ಮಡಿ ಸೋಮೇಶ್ವರನು ಪಟ್ಟಕ್ಕೆ ಬಂದ ಮೇಲೆ, ಅವನೂ ಅವನ ದಂಡನಾಯಕ ಬ್ರಹ್ಮನೂ ಪುರಾತನ ಮತ್ತು ನೂತನ ಶಿವಭಕ್ತರ ಕಥೆಗಳನ್ನು ಕೇಳುತ್ತಿದ್ದಾಗ ರಾಮಯ್ಯಗಳ ಸಂಗತಿ ತಿಳಿದು, ಅವರನ್ನು ಕರೆಯಿಸಿ ಸತ್ಕರಿಸಿ, ನಾಗರಖಂಡ ಎಪ್ಪತ್ತರೊಳಗಿನ ಅಬ್ಬಲೂರನ್ನೇ ದೇವರಿಗೆ ಬಿಟ್ಟರು. ಅನಂತರ ಹಾನಗಲ್ಲ ಕದಂಬರ ಮಹಾಮಂಡಳೇಶ್ವರ ಕಾಮದೇವನು ರಾಮಯ್ಯಗಳನ್ನು ಹಾನಗಲ್ಲಿಗೆ ಕರೆತಂದು, ಪಾದಗಳನ್ನು ತೊಳೆದು, ಪಾನುಂಗಲ್ಲು ಐನೂರರೊಳಗಿನ ಮಲ್ಲವಳ್ಳಿಯನ್ನು ದಾನವಾಗಿತ್ತನು.

ಇಲ್ಲಿ ತಾವು ಒಂದು ಕ್ಷಣ ನಿಂತು ಆಲೋಚಿಸಬೇಕು. ಈ ಶಾಸನವನ್ನು ಕಂಡರಿಸುವಾಗ ಬಿಜ್ಜಳನ ಮನೆತನವು ಉಳಿದಿರಲಿಲ್ಲ. ಅವನನ್ನು ಹೊಗಳಿದರೆ ಬಹುಮಾನ ಕೊಡುವವರಿಲ್ಲ, ತೆಗಳಿದರೆ ತಡೆಯುವವರಿಲ್ಲ. ಆದರೂ ಬರೆದವನು ಬಿಜ್ಜಳನ ದಾನವನ್ನು ಮೊದಲು ಹೇಳಿ, ಅವನ ವಂಶದಿಂದ ಪಟ್ಟವನ್ನು ಕಿತ್ತುಕೊಂಡ ಸೋಮೇಶ್ವರನ ದಾನವನ್ನು ಎರಡನೆಯದಾಗಿ ಹೇಳಿ, ಕಾಮದೇವನ ದಾನವನ್ನು ಮೂರನೆಯದಾಗಿ ಹೇಳಿರುವನು. ಪರಸ್ಪರ ಶತ್ರುಗಳಾದ ಅರಸು ಮನೆಗಳು ಒಂದೇ ಕಲ್ಲಿನ ಮೇಲೆ ಸಾಲಾಗಿ ಕುಳಿತಿವೆ. ಸೋಮೇಶ್ವರನ ಆಸ್ಥಾನವು 'ರಾಜ್ಯಾಪಹಾರಿಯು ಕೊಟ್ಟ ಜಯಪತ್ರವು ಸಲ್ಲದು' ಎಂದು ಹೇಳಿದುದಾಗಿ ಕಲ್ಲು ನುಡಿಯದು. ಹಿಂದಿನ ದಾನದ ಮೇಲೆ ತನ್ನ ದಾನವನ್ನು ಕೂಡಿಸಿತು. ಸಂಧಿಕಾಲದ ರಾಜ್ಯಭಾರಕ್ಕೆ ಇದು ಮೊದಲನೆಯ ಧರ್ಮ: ಆಳುವವನು ಬದಲಾದರೂ ಕೊಟ್ಟ ಮಾತು ಬದಲಾಗಬಾರದು. ಅರಸನ ಹೆಸರಿನಲ್ಲಿ ಕೊಟ್ಟುದು ನಿಜವಾಗಿ ನಾಡಿನ ಹೆಸರಿನಲ್ಲಿ ಕೊಟ್ಟುದೇ ಆಗಿರುವದು.

ಎರಡನೆಯ ಧರ್ಮವೂ ಅದೇ ಕಲ್ಲಿನಲ್ಲಿರುವದು. ದೂರು ತಂದವರನ್ನು ಅರಸನು ಹೊರಗಟ್ಟಲಿಲ್ಲ. ದೂರಿಗೆ ಗುರಿಯಾದವರನ್ನು ವಿಚಾರಿಸದೆ ಶಿಕ್ಷಿಸಲೂ ಇಲ್ಲ. ಉಭಯ ಪಕ್ಷದವರನ್ನೂ ಕೇಳಿ, ಬರೆಹದ ಸಾಕ್ಷಿಯನ್ನು ನೋಡಿ, ಲಿಖಿತ ತೀರ್ಪನ್ನು ಕೊಟ್ಟನು. ತೀರ್ಪು ಸರಿಯೋ ತಪ್ಪೋ, ಅಂದಿನ ಜೈನರನ್ನು ಕೇಳಿದರೆ ಬೇರೆ ಮಾತೇ ಹೇಳಿಯಾರು. ಆದರೆ ಸಿಂಹಾಸನವು ಅಲುಗುತ್ತಿದ್ದ ಆ ದಿನಗಳಲ್ಲಿಯೂ ಹಳ್ಳಿಯ ಒಂದು ವ್ಯಾಜ್ಯಕ್ಕೆ ಬಾಗಿಲು ತೆರೆದಿತ್ತೆಂಬುದು ಸಾಮಾನ್ಯವಲ್ಲ. ಗೆದ್ದವನು ತನ್ನವರ ಮಾತನ್ನಷ್ಟೇ ಕೇಳುವದು ಸುಲಭ. ಸೋತವನ ದೂರನ್ನು ಕೇಳುವದೇ ರಾಜಧರ್ಮ.

ಈ ಕಾಲದಲ್ಲಿ ಮಠಗಳು ಏನು ಮಾಡುತ್ತಿದ್ದವು? ಇದಕ್ಕೆ ಉತ್ತರವು ಹಿರೇಕೆರೂರಿನ ದಕ್ಷಿಣದ ಗಡಿಯಾಚೆ, ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ ದೊರೆಯುವದು. ಅಲ್ಲಿಯ ಕೇದಾರೇಶ್ವರನ ಕೋಡಿಯ ಮಠವು ಕಾಳಾಮುಖ ಪರಂಪರೆಯದು. ಬಿಜ್ಜಳನು ಸಾರ್ವಭೌಮನೆನಿಸಿದ 1162ರಲ್ಲಿ ದಕ್ಷಿಣದ ದಂಡಯಾತ್ರೆಗೆ ಬಂದು ಬಳ್ಳಿಗಾವೆಯಲ್ಲಿ ಬೀಡುಬಿಟ್ಟಿದ್ದಾಗ, ಕಸಪಯ್ಯ ನಾಯಕನ ವಿಜ್ಞಾಪನೆಯಂತೆ ಆ ದೇವರಿಗೆ ದತ್ತಿಯಿತ್ತನು. ಆ ವರುಷದ ಶಾಸನವು ಮಠವನ್ನು ವರ್ಣಿಸುವ ರೀತಿಯನ್ನು ಕೇಳಿರಿ: ಅಲ್ಲಿ ವೇದವೇದಾಂಗಗಳ ಪಾಠ ನಡೆಯುತ್ತಿತ್ತು, ನಾನಾ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿತ್ತು, ದೀನರಿಗೂ ಅನಾಥರಿಗೂ ಕುರುಡ-ಕುಂಟರಿಗೂ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು, ಹೆದರಿ ಬಂದವರಿಗೆ ಅಭಯವಿತ್ತು. ಆ ಮಠಕ್ಕೆ ಕಲಚೂರ್ಯರಿಗಿಂತ ಮೊದಲು ಚಾಲುಕ್ಯರು ಕೊಟ್ಟಿದ್ದರು. ಅವರ ತರುವಾಯ ಹೊಯ್ಸಳ ವೀರಬಲ್ಲಾಳನೂ ಕೊಟ್ಟನು. ಮೂರು ರಾಜವಂಶಗಳು ಕಣ್ಣೆದುರಿಗೆ ಬಂದು ಹೋದರೂ ಪಾಠವೂ ಪಂಕ್ತಿಯೂ ನಿಲ್ಲಲಿಲ್ಲ. ಅರಸರು ಮಠವನ್ನು ಉಳಿಸಿದರೆಂದು ನಾವು ಹೇಳುವದುಂಟು. ಅನ್ನ, ಅಕ್ಷರ, ಔಷಧಗಳನ್ನು ಬಿಡದೆ ನಡೆಯಿಸಿದ ಮಠಗಳೇ ಅರಸರ ನಡುವಣ ಬಿರುಕುಗಳನ್ನು ತುಂಬಿ ನಾಡನ್ನು ಉಳಿಸಿದವೆಂದು ಹೇಳಿದರೂ ತಪ್ಪಾಗದು.

ಇನ್ನು ಮೂರನೆಯ ಧರ್ಮ. ಅದನ್ನು ಕಲಚೂರ್ಯರು ಪಾಲಿಸಲಿಲ್ಲ. ಆದುದರಿಂದಲೇ ಅದು ನಮಗೆ ಪಾಠವಾಗಿರುವದು. ಸಂಧಿಕಾಲದಲ್ಲಿ ಆಳುವವನು ತನ್ನ ತರುವಾಯ ಅಧಿಕಾರವು ಯಾರಿಗೆ, ಯಾವ ಕ್ರಮದಿಂದ ಸಲ್ಲಬೇಕೆಂಬುದನ್ನು ನೇರ್ಪಡಿಸಿ ಒಪ್ಪಿಸಬೇಕು. ಬಿಜ್ಜಳನ ಅನಂತರ ಹದಿನಾರು-ಹದಿನೇಳು ವರುಷಗಳೊಳಗೆ ಐವರು ಪಟ್ಟವೇರಿದರೆಂದರೆ ನೆಲೆ ಎಷ್ಟು ಸಡಿಲವಾಗಿತ್ತೆಂಬುದನ್ನು ಊಹಿಸಬಹುದು. ಮರಳಿ ಬಂದ ಸೋಮೇಶ್ವರನೂ ಹಳೆಯ ಸಿಂಹಾಸನವನ್ನು ಪಡೆದನೇ ಹೊರತು ಹಳೆಯ ಬಲವನ್ನು ಪಡೆಯಲಿಲ್ಲ. ಉತ್ತರದಿಂದ ಯಾದವ ಭಿಲ್ಲಮನೂ ದಕ್ಷಿಣದಿಂದ ಹೊಯ್ಸಳ ಬಲ್ಲಾಳನೂ ರಾಜ್ಯವನ್ನು ಹರಿದು ಹಂಚಿಕೊಂಡರು. ಅದರ ಬೆಲೆಯನ್ನು ತೆತ್ತವರು ನಮ್ಮ ನಾಡಿನವರೇ. 1196ರಲ್ಲಿ ಬಲ್ಲಾಳನ ದಂಡು ಹಾನಗಲ್ಲನ್ನು ಮುತ್ತಿತು. ಕಾಮದೇವನ ದಂಡನಾಯಕ ಸೋಹಣಿಯು ಹೋರಾಡಿ ಮಡಿದನು. ಕಲ್ಯಾಣದಲ್ಲಿ ಅಧಿಕಾರವು ಕ್ರಮವಾಗಿ ಕೈ ಬದಲಾಯಿಸದ ತಪ್ಪಿಗೆ ಹಾನಗಲ್ಲ ಕೋಟೆಯ ಕೆಳಗೆ ಒಕ್ಕಲಿಗರ ಮಕ್ಕಳು ಪ್ರಾಣ ತೆತ್ತರು.

ಮಹನೀಯರೇ, ಇವು ಎಂಟುನೂರು ವರುಷಗಳ ಹಿಂದಿನ ಸಂಗತಿಗಳು, ನಮಗೇಕೆ ಎನ್ನಬೇಡಿರಿ. ಇಪ್ಪತ್ತನೆಯ ಶತಮಾನದಲ್ಲಿಯೂ ಇದೇ ನೆಲವು ಸಂಧಿಕಾಲಗಳನ್ನು ಕಂಡಿರುವದು. 1942ರ ಚಳುವಳಿಯಲ್ಲಿ ಬಳ್ಳಿಗಾವೆಯ ತಾಲೂಕಿನದೇ ಆದ ಈಸೂರಿನ ಜನರು ಧ್ವಜವನ್ನೇರಿಸಿ, ತಮ್ಮೂರು ಸ್ವತಂತ್ರವೆಂದು ಸಾರಿ, ತಮ್ಮದೇ ಸರಕಾರವನ್ನು ಸ್ಥಾಪಿಸಿದರು. ಬಾಲಕರನ್ನು ಅಮಲ್ದಾರ, ಪೊಲೀಸು ಅಧಿಕಾರಿಗಳೆಂದು ನೇಮಿಸಿದರು. ಆ ಧೈರ್ಯಕ್ಕೆ ತಲೆಬಾಗಲೇಬೇಕು. ಆದರೆ ಸೆಪ್ಟೆಂಬರ ತಿಂಗಳಲ್ಲಿ ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಪೊಲೀಸು ಅಧಿಕಾರಿಯೂ ಹತರಾದರು. ಊರಿನ ಮೇಲೆ ದಂಡು ಬಂದಿತು. 1943ರ ಮಾರ್ಚಿಯಲ್ಲಿ ಐವರು ಗಲ್ಲಿಗೇರಿದರು. ಕ್ರಾಂತಿಯು ಒಂದು ಹಗಲಿನಲ್ಲಿ ಆಗಬಹುದು. ಕೋಪವನ್ನು ಕಟ್ಟಿಹಾಕಿ ವಿಚಾರಣೆಗೆ ಎಡೆಮಾಡುವ ಸರಕಾರವನ್ನು ಕಟ್ಟಲು ಕಾಲ ಬೇಕು. ಆ ಕಾಲವು ಈಸೂರಿಗೆ ದೊರೆಯಲಿಲ್ಲ.

ಇದಕ್ಕೆ ಪ್ರತಿಯಾಗಿ 1947ರಿಂದ 1952ರ ವರೆಗಿನ ನಮ್ಮ ದೇಶದ ಸಂಧಿಕಾಲವನ್ನು ನೋಡಿರಿ. 1947ರ ಆಗಸ್ಟ 15ರಂದು ಆಂಗ್ಲರ ಆಳಿಕೆ ಮುಗಿಯಿತು. 1950ರ ಜನೇವರಿ 26ರಂದು ಸಂವಿಧಾನವು ಜಾರಿಗೆ ಬಂದಿತು. ಸಂವಿಧಾನವನ್ನು ರಚಿಸಿದ ಸಭೆಯೇ ಮೊದಲ ಚುನಾವಣೆಯ ತನಕ ತಾತ್ಕಾಲಿಕ ಸಂಸತ್ತಾಗಿ ಕೆಲಸ ಮಾಡಿ, 1952ರಲ್ಲಿ ಪ್ರಜೆಗಳು ಆರಿಸಿದವರಿಗೆ ಅಧಿಕಾರವನ್ನೊಪ್ಪಿಸಿತು. ಹಿಂದಿನ ಕಾಯದೆಗಳು ಬದಲಾಗುವ ತನಕ ಊರ್ಜಿತವಾಗಿಯೇ ಇರತಕ್ಕುವೆಂದು ಸಂವಿಧಾನದ 372ನೆಯ ಅನುಚ್ಛೇದವು ವಿಧಿಸಿತು. ಹಳೆಯ ಮಾತನ್ನು ಒಮ್ಮೆಲೆ ಮುರಿಯದಿರುವದು, ಹೊಸಬರಿಗೆ ಕ್ರಮವಾಗಿ ಒಪ್ಪಿಸುವದು, ಈ ಎರಡೂ ಧರ್ಮಗಳು ಅಲ್ಲಿ ಪಾಲಿಸಲ್ಪಟ್ಟವು.

ಅದೇ ಕಾಲದಲ್ಲಿ ನಮ್ಮ ಸವಣೂರು ಸಂಸ್ಥಾನವೂ ಮುಗಿಯಿತು. ಹದಿನೇಳನೆಯ ಶತಮಾನದಿಂದ ನಡೆದು ಬಂದ ನವಾಬರ ಮನೆತನದ ಆಳಿಕೆಯು 1948ರ ಮಾರ್ಚಿ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಯುದ್ಧವಾಗಲಿಲ್ಲ, ಕೋಟೆಯ ಮುತ್ತಿಗೆಯಾಗಲಿಲ್ಲ. ತರುವಾಯ 1956ರ ನವೆಂಬರ 1ರಂದು ಧಾರವಾಡ ಜಿಲ್ಲೆಯೊಡನೆ ಸವಣೂರು ಮೈಸೂರು ರಾಜ್ಯವನ್ನು ಸೇರಿತು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಸವಣೂರಿನ ಒಬ್ಬ ಒಕ್ಕಲಿಗನು ತನ್ನ ಹೊಲದ ಬದುವನ್ನು ದಾಟದೆಯೇ ಒಂದು ಆಯುಷ್ಯದಲ್ಲಿ ಇಷ್ಟು ಆಳಿಕೆಗಳನ್ನೂ ಹೆಸರುಗಳನ್ನೂ ಕಂಡನು. ಅವನ ಬಿತ್ತನೆ ತಪ್ಪಲಿಲ್ಲವೆಂಬುದೇ ಆ ಸಂಧಿಯ ಯಶಸ್ಸು.

ಎಲ್ಲ ಕಡೆಯಲ್ಲಿಯೂ ಹೀಗಾಯಿತೆಂದು ಹೇಳಲು ಸತ್ಯವು ಬಿಡದು. ಶರಣರ ಕಲ್ಯಾಣವೂ ರಾಮಯ್ಯಗಳ ಆಳಂದೆಯೂ ಆಗ ಹೈದರಾಬಾದ ನಿಜಾಮರ ಆಳಿಕೆಯಲ್ಲಿದ್ದವು. ರಜಾಕಾರರ ಹಾವಳಿಯಿಂದ ಅಲ್ಲಿಯ ಜನರು ಪಡಬಾರದ ಪಾಡು ಪಟ್ಟಿದ್ದರು. 1948ರ ಸೆಪ್ಟೆಂಬರದಲ್ಲಿ ಭಾರತದ ಸೇನೆಯು ಐದೇ ದಿನಗಳಲ್ಲಿ ಆ ರಾಜ್ಯವನ್ನು ವಶಪಡಿಸಿಕೊಂಡಿತು. ಮೇಜರ ಜನರಲ್ ಚೌಧುರಿಯವರು ಸೇನಾ ರಾಜ್ಯಪಾಲರಾಗಿ ಅಧಿಕಾರ ವಹಿಸಿದರು. ಜಾಗೀರುಗಳು ರದ್ದಾದವು, 1952ರಲ್ಲಿ ಚುನಾಯಿತ ಮಂತ್ರಿಮಂಡಳಕ್ಕೆ ಅಧಿಕಾರ ಸೇರಿತು. ಆದರೆ ಸೇನೆ ಬಂದ ತರುವಾಯದ ವಾರಗಳಲ್ಲಿ ಬೀದರ, ಕಲಬುರಗಿ, ಉಸ್ಮಾನಾಬಾದ, ನಾಂದೇಡ ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಬಹುಮಂದಿ ಮುಸಲ್ಮಾನರು ಪ್ರಾಣವನ್ನೂ ಮನೆಮಾರುಗಳನ್ನೂ ಕಳೆದುಕೊಂಡರು. ಇದನ್ನು ವಿಚಾರಿಸಲು ಭಾರತ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಕಂಡುದನ್ನು ಮರೆಮಾಡದೆ ಬರೆಯಿತು. ಆ ವರದಿಯು ಮಾತ್ರ ದಶಕಗಳವರೆಗೆ ಬೆಳಕಿಗೆ ಬರಲಿಲ್ಲ. ದೂರು ಬಂದಿತ್ತು, ಸಾಕ್ಷಿಯೂ ಇತ್ತು, ಜಯಪತ್ರವಿರಲಿ, ಕೇಳಿದೆವೆಂಬ ಮಾತೂ ನೊಂದವರಿಗೆ ಸಿಕ್ಕಲಿಲ್ಲ. ಎರಡನೆಯ ಧರ್ಮವು ಅಲ್ಲಿ ಸೋತಿತು. ಕಲ್ಯಾಣದಲ್ಲಿ ಶರಣರ ರಕ್ತಕ್ಕಾಗಿ ಕಣ್ಣೀರು ಸುರಿಸುವ ನಾವು ಅದೇ ಮಣ್ಣಿನಲ್ಲಿ ಹರಿದ ಈ ರಕ್ತಕ್ಕೂ ಮರುಗದಿದ್ದರೆ ನಮ್ಮ ದಯೆಯು ಅರ್ಧ ದಯೆಯಾಗುವದು.

ಇಲ್ಲಿ ಒಬ್ಬರು ಕೇಳಬಹುದು: 'ಹಳೆಯ ಮಾತನ್ನು ಉಳಿಸಬೇಕೆನ್ನುವಿರಿ, ಹಾಗಾದರೆ 1974ರ ಭೂಸುಧಾರಣೆಯಲ್ಲಿ ಮಠಮಾನ್ಯಗಳ ಗೇಣಿಯ ಭೂಮಿ ಉಳುವವರ ಪಾಲಾಯಿತಷ್ಟೆ, ಅದು ಧರ್ಮವೋ ಅಧರ್ಮವೋ?' ಪ್ರಶ್ನೆಯು ನ್ಯಾಯವಾದುದು. ಅನೇಕ ಮಠಗಳು ಆಗ ಕಷ್ಟಕ್ಕೊಳಗಾದುದೂ ನಿಜ. ನನ್ನ ಅಲ್ಪಬುದ್ಧಿಗೆ ತೋರುವದೇನೆಂದರೆ, ದಾನದ ಶಬ್ದಕ್ಕಿಂತ ದಾನದ ತಾತ್ಪರ್ಯವು ದೊಡ್ಡದು. ಗೋಗಾವೆಯಂತಹ ಗ್ರಾಮಗಳನ್ನು ಬಿಟ್ಟುದು ದೇವರ ಸೇವೆಗೆಂದು, ತಪೋಧನರ ಹಾಗೂ ಹಸಿದವರ ಆಹಾರಕ್ಕೆಂದು. ಮಠವು ಒಡೆಯನಾಗಿ ಕುಳಿತು ರೈತನನ್ನು ಒಕ್ಕಲನ್ನಾಗಿಯೇ ಇರಿಸಲೆಂದಲ್ಲ. ಉಳುವ ಕೈಗೆ ಹೊಲವು ಸಂದಿತು. ಆ ಕೈಯೇ ಸುಗ್ಗಿಯಲ್ಲಿ ಜೋಳದ ಚೀಲವನ್ನು ಹೊತ್ತು ತಂದು ದಾಸೋಹಕ್ಕೆ ಸಲ್ಲಿಸುತ್ತಿರುವದು. ಗೇಣಿಯಾಗಿ ಬರುತ್ತಿದ್ದ ಕಾಳಿಗಿಂತ ಭಕ್ತಿಯಿಂದ ಬಂದ ಕಾಳು ಹಗುರವೇ? ಇಲ್ಲಿ ಅಕ್ಷರವು ಲೋಪವಾಯಿತು, ಅರ್ಥವು ಉಳಿಯಿತು.

ಆದುದರಿಂದ ಸದ್ಭಕ್ತರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ರಾಜ್ಯಗಳು ಇನ್ನು ಮುಂದೆಯೂ ಬದಲಾಗುವವು. ಇಂದು ದಂಡಿನಿಂದಲ್ಲ, ಮತದಾನದಿಂದ ಬದಲಾಗುವದು ನಮ್ಮ ಪುಣ್ಯ. ಪ್ರತಿಯೊಂದು ಬದಲಾವಣೆಯಲ್ಲಿಯೂ ಈ ಮೂರು ಪ್ರಶ್ನೆಗಳನ್ನು ಕೇಳಿರಿ: ಹಿಂದಿನವರು ಪ್ರಜೆಗಳಿಗೆ ಕೊಟ್ಟ ಮಾತಿನ ತಾತ್ಪರ್ಯ ಉಳಿಯಿತೇ? ಸೋತವರ ದೂರಿಗೆ ಕಿವಿಯುಂಟೇ? ಮುಂದಿನವರಿಗೆ ಒಪ್ಪಿಸುವ ಮನಸ್ಸುಂಟೇ? ನಮ್ಮವರು ಗೆದ್ದಾಗ ಈ ಪ್ರಶ್ನೆಗಳನ್ನು ಹೆಚ್ಚು ಗಟ್ಟಿಯಾಗಿ ಕೇಳಿರಿ. ಏಕೆಂದರೆ ಆಗಲೇ ಅವು ಮರೆತುಹೋಗುವವು.

ಮಠವು ಯಾವ ಪಟ್ಟಕ್ಕೂ ಆತುಕೊಂಡು ನಿಲ್ಲತಕ್ಕುದಲ್ಲ. ಹಾನಗಲ್ಲ ಶ್ರೀ ಕುಮಾರಮಹಾಸ್ವಾಮಿಗಳವರು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದಾಗ ಪರಕೀಯರ ಆಳಿಕೆಯಿತ್ತು. 1930ರಲ್ಲಿ ಅವರು ಲಿಂಗೈಕ್ಯರಾದರು, ಸ್ವರಾಜ್ಯವನ್ನು ಕಾಣಲಿಲ್ಲ. ಆದರೆ ಅವರು ಕಟ್ಟಿದುದು ಎರಡೂ ಕಾಲಗಳಲ್ಲಿ ನಿಂತಿತು. ಏಕೆಂದರೆ ಅದರ ಬುನಾದಿಯು ಜೋಳಿಗೆಯ ಕಾಳಿನ ಮೇಲಿತ್ತು, ರಾಜಮುದ್ರೆಯ ಮೇಲಲ್ಲ. ಈ ಶ್ರೀಮಠದ ಪಾಠಶಾಲೆಯಲ್ಲಿ ನಾಳೆ ಬೆಳಗಿನ ಪಾಠವು ತಪ್ಪದೆ ನಡೆಯಲಿ, ಮಧ್ಯಾಹ್ನದ ಪಂಕ್ತಿಯು ಜಾತಿ-ಮತಗಳನ್ನು ಕೇಳದೆ ಸಾಗಲಿ, ಹೆದರಿ ಬಂದವರು ಯಾರೇ ಆಗಲಿ ಅವರಿಗೆ ಬಾಗಿಲು ತೆರೆದಿರಲಿ. ಇಷ್ಟು ನಡೆದರೆ ಯಾವ ಸಂಧಿಕಾಲದಲ್ಲಿಯೂ ಈ ನಾಡಿನ ಅರ್ಥವು ಕೆಡಲಾರದು.